ಪಾಪರ್ ಆಗುವ ಹೊತ್ತಿನಲ್ಲಿ ಮನೆ ಖರ್ಚು: ಮೊದಲ ದುಡ್ಡು ಅಕ್ಕಿಗೆ

ಸಾಲ ಕೊಟ್ಟವರು ಹತ್ತು ಮಂದಿ ಇದ್ದರೆ ನಮ್ಮ ಮಂಗಳೂರು, ಉಡುಪಿ ಕಡೆ ಮೊದಲು ದುಡ್ಡು ಸಿಗುವುದು ಯಾರಿಗೆ? ಅಂಗಳದಲ್ಲಿ ನಿಂತು ಪಕ್ಕದ ಮನೆಗೂ ಕೇಳುವ ಹಾಗೆ ಮಾತಾಡಿದವರಿಗೆ. ಆಮೇಲೆ ಸಂಬಂಧಿಕರಿಗೆ, ಆಮೇಲೆ ಬ್ಯಾಂಕಿನ ಕಂತಿಗೆ. ಕೊನೆಗೆ ಏನಾದರೂ ಉಳಿದರೆ ಅಕ್ಕಿ, ಔಷಧಿ, ಮಕ್ಕಳ ಫೀಸು. ಈ ಸಾಲು ತಲೆಕೆಳಗಾಗಿದೆ. ಇದನ್ನು ತಿರುಗಿಸದೆ ದಿವಾಳಿಯ ಕಾಲವನ್ನು ದಾಟಲು ಆಗುವುದಿಲ್ಲ. ಇವತ್ತು ಹೇಳಬೇಕಾದದ್ದು ಇಷ್ಟೇ, ಆದರೆ ವಿವರವಾಗಿ ಹೇಳಬೇಕು.

ಮೊದಲು ಕಾನೂನು, ಎರಡೇ ಮಾತಿನಲ್ಲಿ. ಹಿರಿಯರು ಪಾಪರ್ ಚೀಟಿ ಅನ್ನುತ್ತಿದ್ದರಲ್ಲ, ನಮ್ಮ ಊರಿನ ಸಾಮಾನ್ಯ ಸಾಲಗಾರನಿಗೆ ಇವತ್ತಿಗೂ ಅದಕ್ಕಿರುವುದು 1920ರ ಪ್ರಾಂತೀಯ ದಿವಾಳಿತನ ಕಾಯ್ದೆ. ನನ್ನನ್ನು ದಿವಾಳಿ ಅಂತ ಘೋಷಿಸಿ ಅನ್ನುವ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ. 2016ರ ದಿವಾಳಿತನ ಸಂಹಿತೆಯ (ಐಬಿಸಿ) ವೈಯಕ್ತಿಕ ದಿವಾಳಿಯ ಭಾಗ 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನೀವು ಅಂಥ ಜಾಮೀನಿಗೆ ಸಹಿ ಹಾಕಿದ್ದರೆ ದಾರಿಯೇ ಬೇರೆ, ಅದನ್ನು ವಕೀಲರ ಹತ್ತಿರ ಮೊದಲೇ ಹೇಳಿ.

ಈಗ ಲೆಕ್ಕ. ಉಡುಪಿಯಲ್ಲಿ ಬಾಡಿಗೆ ಮನೆ, ನಾಲ್ಕು ಜನ, ತಿಂಗಳಿಗೆ ಕೈಗೆ ಬರುವುದು 28,000 ರೂಪಾಯಿ ಅಂತ ಇಟ್ಟುಕೊಳ್ಳಿ. ಬಾಡಿಗೆ 7,000. ಕುಚ್ಚಲಕ್ಕಿ, ಜೀನಸು, ಹಾಲು, ತರಕಾರಿ, ಮೀನು ಸೇರಿ 9,000. ಗ್ಯಾಸ್, ಫೋನ್, ನೀರು 1,600. ಬಸ್ಸು, ಪೆಟ್ರೋಲು 2,200. ಔಷಧಿ 1,200. ಶಾಲೆಯ ಫೀಸು ವರ್ಷಕ್ಕೆ 24,000 ಇದ್ದರೆ ತಿಂಗಳಿಗೆ 2,000. ಒಟ್ಟು 23,000. ಉಳಿದ 5,000ದಲ್ಲಿ 2,000 ಮುಟ್ಟಬೇಡಿ, ಅದು ಗಾಡಿಯ ಇನ್ಶೂರೆನ್ಸ್‌ಗೆ, ಮಳೆಗಾಲಕ್ಕೆ, ಆಸ್ಪತ್ರೆಗೆ. ಹಾಗಾದರೆ ಸಾಲ ಕೊಟ್ಟವರೆಲ್ಲರಿಗೂ ಸೇರಿ ನೀವು ತಿಂಗಳಿಗೆ ಒಪ್ಪಿಕೊಳ್ಳಬಹುದಾದದ್ದು 3,000. ಯಾರಾದರೂ ಬಂದು "ಹತ್ತು ಸಾವಿರ ಆದರೂ ಕೊಡಿ" ಅಂದಾಗ ಬಾಯಿಗೆ ಬರಬೇಕಾದ ಉತ್ತರ ಈ ಹಾಳೆಯಲ್ಲಿದೆ.

ಇದೇ 3,000 ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. ಸಾಲ ಆರು ಲಕ್ಷ ಅಂತಾದರೆ, ಬಡ್ಡಿ ಒಂದು ಪೈಸೆ ಇಲ್ಲದಿದ್ದರೂ ತೀರಲು 200 ತಿಂಗಳು ಬೇಕು, ಅಂದರೆ 16 ವರ್ಷ 8 ತಿಂಗಳು. ಇಂಥ ಲೆಕ್ಕ ಬಂದ ಮೇಲೂ "ಹೇಗಾದರೂ ತೀರಿಸುತ್ತೇನೆ" ಅಂತ ಮಾತು ಕೊಡುವುದು ನಿಮಗೂ ಒಳ್ಳೆಯದಲ್ಲ, ಕೊಟ್ಟವರಿಗೂ ಒಳ್ಳೆಯದಲ್ಲ. ಆ ಹಂತದಲ್ಲಿ ಉಳಿಯುವುದು ರಾಜಿ ಇಲ್ಲವೇ ಅರ್ಜಿ. ರಾಜಿಯಾದರೆ ಎಷ್ಟು ಕೊಟ್ಟರೆ ಖಾತೆ ಮುಗಿಯುತ್ತದೆ ಅನ್ನುವುದು ಬ್ಯಾಂಕಿನ ಕಾಗದದಲ್ಲಿ ಬರಬೇಕು. ಆ ಕಾಗದ ಕೈಗೆ ಬರುವ ಮೊದಲು ಒಂದು ರೂಪಾಯಿಯೂ ಹಾಕಬೇಡಿ, ಫೋನಿನಲ್ಲಿ ಹೇಳಿದ ಮಾತು ಸಾಲದು.

ಅರ್ಜಿಯ ಯೋಚನೆ ಇದ್ದರೆ, ಒಬ್ಬರಿಗೆ ಮಾತ್ರ ಪೂರ್ತಿ ಕೊಟ್ಟು ಉಳಿದವರನ್ನು ಬಿಡುವುದು ಬಹಳ ಅಪಾಯ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬರಿಗೆ ಹೆಚ್ಚು ಅನುಕೂಲ ಆಗಲಿ ಅಂತ ಕೊಟ್ಟದ್ದನ್ನು ಆ 1920ರ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಕೋರ್ಟು ರದ್ದು ಮಾಡಬಹುದು. ಭಾವನ ಸಾಲ, ಊರಿನವರ ಸಾಲ ಮೊದಲು ತೀರಿಸಿಬಿಡೋಣ ಅನ್ನುವುದು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಕೊನೆಗೆ ಭಾವನೇ ಕೋರ್ಟಿಗೆ ಬಂದು ದುಡ್ಡು ವಾಪಸ್ ಇಡಬೇಕಾದೀತು. ಜಾಗವನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡುವ ಯೋಚನೆಗೂ ಇದೇ ಗತಿ, ಅಲ್ಲಿ ಎರಡು ವರ್ಷ ಹಿಂದಕ್ಕೆ ಹೋಗಿ ನೋಡುತ್ತಾರೆ.

ಸಂಬಳದವರಿಗೆ ಒಂದು ಧೈರ್ಯದ ಮಾತು. ಕೋರ್ಟಿನ ಡಿಕ್ರಿ (ದುಡ್ಡು ಕೊಡಬೇಕು ಅನ್ನುವ ತೀರ್ಪು) ಬಂದು ಸಂಬಳ ಜಪ್ತಿಯಾದರೂ, ಜೀವನಾಂಶದ ಡಿಕ್ರಿ ಅಲ್ಲದಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಮೊದಲ 1,000 ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. 25,000 ಸಂಬಳ ಅಂದರೆ 17,000 ನಿಮಗೆ, ಜಪ್ತಿ ಹೆಚ್ಚೆಂದರೆ 8,000. ಒಂದೇ ಡಿಕ್ರಿಗೆ 24 ತಿಂಗಳು ಹಿಡಿದ ಮೇಲೆ ಆ ಡಿಕ್ರಿಗೆ ಸಂಬಳ ಮತ್ತೆ ಹಿಡಿಯುವಂತಿಲ್ಲ. ಹಾಗಾಗಿ ಬಜೆಟ್ ಬರೆಯುವಾಗ 25,000 ಅಂತ ಬರೆಯಬೇಡಿ, 17,000 ಅಂತ ಬರೆದು ಅದರಲ್ಲಿ ಮನೆ ನಡೆಯುತ್ತದೆಯೇ ನೋಡಿ. ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಕಸುಬಿನವನ ಸಲಕರಣೆ, ಪಿಎಫ್, ಪಿಂಚಣಿ, ಧರ್ಮದ ಪ್ರಕಾರ ಹೆಂಗಸು ಬಿಟ್ಟಿರಲಾಗದ ಒಡವೆ, ಇವೂ ಜಪ್ತಿಯ ಆಚೆ. ಬಡಗಿಯಾಗಿದ್ದರೆ ಕೈಯುಳಿ ಮಾರಿ ಬಡ್ಡಿ ಕಟ್ಟಬೇಡಿ. ಕಾನೂನು ಬಿಟ್ಟುಕೊಟ್ಟದ್ದನ್ನು ನೀವಾಗಿ ಯಾಕೆ ಕಳೆದುಕೊಳ್ಳುತ್ತೀರಿ?

ಚಿನ್ನದ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಂಡತಿಯ ಚಿನ್ನ ಹೆಂಡತಿಯದ್ದು. ಅವಳು ಸಾಲಕ್ಕೆ ಸಹಿ ಹಾಕಿಲ್ಲದಿದ್ದರೆ ಗಂಡನ ಸಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟಲು ಅದನ್ನು ಅಡವಿಟ್ಟರೆ ಏನಾಗುತ್ತದೆ ನೋಡಿ: ಯಾವ ಆಧಾರವೂ ಇಲ್ಲದೆ ಕೊಟ್ಟಿದ್ದ ಸಾಲಕ್ಕೆ ಅವಳ ಬಳೆ ಆಧಾರವಾಯಿತು. ಕಂತು ತಪ್ಪಿದರೆ ಹರಾಜು. ಸಾಲ ಅಷ್ಟೇ ಇದೆ, ಮನೆಯ ಕೊನೆಯ ಆಸರೆ ಮಾತ್ರ ಹೋಯಿತು. ಅರ್ಜಿ ಹಾಕುವ ಆರು ತಿಂಗಳು ಮೊದಲು ಮಾಡುವ ಅತಿ ದೊಡ್ಡ ತಪ್ಪು ಇದು.

ಇನ್ನು ಅಂಗಡಿ ಪುಸ್ತಕ. ನಮ್ಮಲ್ಲಿ ಜೀನಸಿನ ಅಂಗಡಿಯಲ್ಲಿ ಬರೆಸಿ ತಿಂಗಳ ಕೊನೆಗೆ ಕೊಡುವುದು ಅಭ್ಯಾಸ. ಕೋರ್ಟು ನಿಮ್ಮನ್ನು ದಿವಾಳಿ ಅಂತ ಘೋಷಿಸಿದ ಮೇಲೆ, ಆ ದಿವಾಳಿತನದಿಂದ ಕೋರ್ಟು ಬಿಡುಗಡೆ ಮಾಡುವ ತನಕ, ಈ ಅಭ್ಯಾಸ ನಿಲ್ಲಬೇಕು. ದಿವಾಳಿ ಎಂದು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೆ ಅದೇ ದಿವಾಳಿತನ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಆಗಬಹುದಾದ ಅಪರಾಧ. ಹೌದು, 1920ರ 50 ರೂಪಾಯಿ, ಕಾಯ್ದೆಯಲ್ಲಿ ಹಾಗೆಯೇ ಇದೆ. ಮೊಬೈಲ್ ಆ್ಯಪಿನ "ಈಗ ತಗೊಳ್ಳಿ, ಆಮೇಲೆ ಕೊಡಿ" ಕೂಡ ಸಾಲವೇ. ಆದ್ದರಿಂದ ನಗದು. ತಿಂಗಳ ಮೊದಲ ದಿನ 9,000ವನ್ನು ನಾಲ್ಕು ಲಕೋಟೆಗೆ 2,250ರಂತೆ ಹಾಕಿ, ವಾರಕ್ಕೊಂದು. ಅಕ್ಕಿ, ಎಣ್ಣೆಯನ್ನು ಮೊದಲ ವಾರವೇ ತರುವವರು ಆ ಲಕೋಟೆಗೆ ಹೆಚ್ಚು ಹಾಕಿ ಉಳಿದ ಮೂರರಲ್ಲಿ ಕಡಿಮೆ ಮಾಡಿ. ಲಕೋಟೆ ಶುಕ್ರವಾರವೇ ಖಾಲಿಯಾದರೆ ಮುಂದಿನದ್ದನ್ನು ಒಡೆಯಬೇಡಿ. ಶನಿವಾರ, ಭಾನುವಾರ ಗಂಜಿ, ಚಟ್ನಿ, ಹಿತ್ತಿಲಿನ ಬಸಳೆ. ಮುಂದಿನ ಲಕೋಟೆ ಒಡೆದರೆ ಮೂರನೇ ವಾರ ಮತ್ತೆ ಅಂಗಡಿಯ ಪುಸ್ತಕವೇ ಗತಿಯಾಗುತ್ತದೆ.

ಬ್ಯಾಂಕಿನಲ್ಲಿ ಕೂಡ ಒಂದು ಕೆಲಸ ಇದೆ. ಸಾಲ ಇರುವ ಬ್ಯಾಂಕಿನಲ್ಲೇ ಸಂಬಳ ಬಿದ್ದರೆ, ಆ ದುಡ್ಡನ್ನು ಬಾಕಿಗೆ ಜಮೆ ಮಾಡಿಕೊಂಡಾರು. ಪಿಗ್ಮಿ ಹುಟ್ಟಿದ್ದು ನಮ್ಮ ಉಡುಪಿಯಲ್ಲೇ, 1928ರಲ್ಲಿ, ದಿನಕ್ಕೆ ಎರಡಾಣೆ ಕೂಡಿಡುವವರಿಗಾಗಿ. ಆದರೆ ಸಾಲ ಇರುವ ಸೊಸೈಟಿಯಲ್ಲೇ ಪಿಗ್ಮಿ ಕಟ್ಟುತ್ತಾ ಹೋದರೆ ಆ ಉಳಿತಾಯಕ್ಕೂ ಅದೇ ಗತಿ. ಸಂಬಳ ಬೇರೆ ಬ್ಯಾಂಕಿಗೆ ಬರಲಿ. ಅರ್ಜಿಯಲ್ಲಿ ಆ ಖಾತೆಯನ್ನೂ ತೋರಿಸಿ, ಮುಚ್ಚಿಟ್ಟರೆ ಮುಂದೆ ಬಿಡುಗಡೆಗೇ ಕುತ್ತು. ಆಟೋ ಡೆಬಿಟ್ ನಡೆಯುತ್ತಿದ್ದರೆ ಬೌನ್ಸ್ ಆದಾಗಲೆಲ್ಲ ಎರಡೂ ಕಡೆ ದಂಡ ಬೀಳುತ್ತದೆ. ಚೆಕ್ ಬೌನ್ಸಿನ ಹಾಗೆಯೇ ಅದಕ್ಕೂ ಕ್ರಿಮಿನಲ್ ಕೇಸು ಹಾಕಲು ಬರುತ್ತದೆ, ನೋಟಿಸ್ ಬಂದ ಮೇಲೆ ಕೊಡಲು ಸಿಗುವುದು 15 ದಿನ. ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ಆ ಕೇಸು ನಿಲ್ಲುವುದಿಲ್ಲ. ಹೊಸದಾಗಿ ಯಾರಿಗೂ ಖಾಲಿ ಚೆಕ್ ಕೊಡಬೇಡಿ, ಎಷ್ಟೇ ಒತ್ತಾಯ ಬರಲಿ.

ವಸೂಲಿಯವರ ಫೋನು: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲ ವಸೂಲಿಗೆ ಕರೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ಬ್ಯಾಂಕಿಗೆ ಬರೆದು ಕೊಟ್ಟು 30 ದಿನ ಆದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ, ಸಹಾಯಕ್ಕೆ 14448. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಫೋನು 15100.

ಖರ್ಚು ಕಡಿಮೆ ಮಾಡುವ ಜಾಗಗಳು ಕಣ್ಣೆದುರೇ ಇವೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ, ಏಪ್ರಿಲ್, ಮೇಯಲ್ಲಿ ಬಾವಿಯ ಪಂಪು, ಫ್ಯಾನು ಸೇರಿ ಮೀಟರು ಓಡುತ್ತದೆ, ವಾರಕ್ಕೊಮ್ಮೆ ನೋಡಿ. ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ, ನಮ್ಮ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ, ಹಾಗಾಗಿ ಹೆಂಗಸರ ಬಸ್ಸಿನ ದುಡ್ಡನ್ನು ಸೊನ್ನೆ ಅಂತ ಬರೆಯಬೇಡಿ. ಬಿಪಿ, ಶುಗರ್ ಮಾತ್ರೆಗೆ ಜನೌಷಧಿ ಅಂಗಡಿ. ಮದುವೆ, ಗೃಹಪ್ರವೇಶದ ಕವರಿಗೆ ತಿಂಗಳಿಗೆ 300 ಅಂತ ಗೆರೆ ಎಳೆಯಿರಿ, ಅದನ್ನು ಮನೆ ಖರ್ಚಿನ 23,000ದಲ್ಲೇ ಹೊಂದಿಸಿ. ಹೋಗಿ ಊಟ ಮಾಡಿ ಹರಸಿ ಬಂದರೂ ಯಾರೂ ಕೀಳಾಗಿ ನೋಡುವುದಿಲ್ಲ, ನೋಡಿದರೆ ಅಂಥವರ ಮದುವೆಗೆ ಮುಂದೆ ಹೋಗದಿದ್ದರೂ ಆಯಿತು.

ಎಲ್ಲಕ್ಕಿಂತ ಬಿಗಿಯಾಗುವುದು ಜೂನ್. ಶಾಲೆ ಶುರು, ಮಳೆ ಬಂದು ಕಟ್ಟಡದ ಕೆಲಸ ನಿಲ್ಲುತ್ತದೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನಿನ ಬೆಲೆ ಏರುತ್ತದೆ. ತಿಂಗಳ ಆ 2,000ವನ್ನು ಜನವರಿಯಿಂದ ಮುಟ್ಟದಿದ್ದರೆ ಮೇ ಕೊನೆಗೆ 10,000 ಇರುತ್ತದೆ. ಫೀಸನ್ನು ಎರಡು ಮೂರು ಕಂತು ಮಾಡಿ ಎಂದು ಮುಖ್ಯೋಪಾಧ್ಯಾಯರಿಗೆ ಏಪ್ರಿಲ್‌ನಲ್ಲೇ ಬರೆದು ಕೊಡಿ, ಜೂನ್‌ನಲ್ಲಿ ಕೇಳಿದರೆ ತಡವಾಗುತ್ತದೆ. ಒಣಮೀನು, ಹಪ್ಪಳ, ಉಪ್ಪಿನ ಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಮೇ ತಿಂಗಳಲ್ಲೇ ಆಗಲಿ. ಕೊಡೆ, ರೈನ್‌ಕೋಟು ಹಳೆಯದ್ದೇ ರಿಪೇರಿ ಮಾಡಿಸಿ. ಎಲ್ಲದರ ಚೀಟಿ ಒಂದು ಪುಸ್ತಕಕ್ಕೆ ಅಂಟಿಸಿ, ತಾರೀಕು ಹಾಕಿ. ದುಡ್ಡು ಎಲ್ಲಿ ಹೋಯಿತು ಅಂತ ಕೋರ್ಟು ಕೇಳಿದ ದಿನ ವಕೀಲರ ಕೈಗೆ ಕೊಡಬೇಕಾದದ್ದು ಅದೇ ಪುಸ್ತಕ.