ಹಾಲೂಡಿಸುವವಳಿಗೊಂದು ಮೂಲೆ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಸಾಗರದ ಹತ್ತಿರದ ನಮ್ಮ ತವರುಮನೆ. ಹೊರಗೆ ಕೇಳುತ್ತಿರುವುದು ಆಷಾಢದ ಮಳೆ. ನನ್ನ ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಅವಳನ್ನು ಕೇಳಿಯೇ ಈ ವಿಡಿಯೋ ಮಾಡುತ್ತಿದ್ದೇನೆ. ಅವಳ ಮುಖವಾಗಲಿ ಮಗುವಿನ ಮುಖವಾಗಲಿ ಇದರಲ್ಲಿ ಕಾಣಿಸುವುದಿಲ್ಲ. ಕಾಣಿಸುವುದು ಈ ಕೋಣೆ, ಅದರಲ್ಲೂ ಕಿಟಕಿಯ ಪಕ್ಕದ ಈ ಮೂಲೆ.

ಕೂಸು ಬರುತ್ತದೆಂದರೆ ಎಲ್ಲರ ಕಣ್ಣೂ ತೊಟ್ಟಿಲಿನ ಮೇಲೆ. ಕುಲಾವಿ ಬಂತು, ಸೊಳ್ಳೆಪರದೆ ಬಂತು, ತೊಟ್ಟಿಲಿಗೆ ಕಟ್ಟುವ ಗಿಳಿಗಳೂ ಬಂದವು. ಹಾಲೂಡಿಸುವವಳು ಎಲ್ಲಿ ಕುಳಿತುಕೊಳ್ಳುತ್ತಾಳೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಒಂದೊಂದು ಸಲಕ್ಕೆ ಇಪ್ಪತ್ತು ಮೂವತ್ತು ನಿಮಿಷವೆಂದರೂ ದಿನಕ್ಕೆ ನಾಲ್ಕೈದು ಗಂಟೆ ಅವಳು ಕುಳಿತೇ ಇರಬೇಕು, ಅದೂ ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿರುವಾಗ. ಹಾಗಾಗಿ ಈ ಮೂಲೆಯನ್ನು ನಾನು ತಂಗಿಯ ಬೆನ್ನಿಗಾಗಿ, ಕಾಲಿಗಾಗಿ, ಬಾಯಾರಿಕೆಗಾಗಿ ಅಣಿಗೊಳಿಸಿದ್ದೇನೆ. ಅವಳ ಮೈ ನೆಮ್ಮದಿಯಾಗಿದ್ದರೆ ಮಗುವಿನ ಊಟ ಅರ್ಧ ಸಲೀಸಾದಂತೆ.

ಮೊದಲು ಕುರ್ಚಿ. ಜಗುಲಿಯಲ್ಲಿ ಅಜ್ಜನ ಆರಾಮಕುರ್ಚಿ ಇದೆ, ಅದನ್ನೇ ಒಳಗೆ ತರೋಣ ಎಂದು ಅಪ್ಪ ಹೇಳಿದರು. ನಾನು ಬೇಡವೆಂದೆ. ಅದರಲ್ಲಿ ಕುಳಿತರೆ ಮೈ ಕೆಳಗಿಳಿಯುತ್ತದೆ, ಏಳುವಾಗ ಹೊಟ್ಟೆಯ ಸ್ನಾಯುಗಳೇ ಭಾರ ಹೊರಬೇಕಾಗುತ್ತದೆ. ಸಿಸೇರಿಯನ್ ಆದವಳಿಗೆ ಆ ಒಂದು ಏಳುವಿಕೆಯೇ ಸಾಕು, ಕಣ್ಣಲ್ಲಿ ನೀರು ಬರುತ್ತದೆ. ಈ ಮರದ ಕುರ್ಚಿಗೆ ನೆಟ್ಟಗಿನ ಬೆನ್ನಿದೆ, ಊರಿಕೊಂಡು ಏಳಲು ಎರಡು ಕೈಗಳಿವೆ. ಸೊಂಟದ ಹಿಂದೆ ಒಂದು ಗಟ್ಟಿ ದಿಂಬು ಇಟ್ಟಿದ್ದೇನೆ. ಕಾಲು ತೂಗಾಡಿದರೆ ಮೊಣಕಾಲು ತಗ್ಗುತ್ತದೆ, ಮಗುವೂ ತಗ್ಗುತ್ತದೆ, ತಾಯಿ ಬಗ್ಗಲೇಬೇಕಾಗುತ್ತದೆ. ಅದಕ್ಕೆ ಕಾಲಡಿ ಊಟದ ಮಣೆ. ಒಂದು ಸಾಲಲಿಲ್ಲ, ಒಂದರ ಮೇಲೊಂದು ಎರಡು ಮಣೆ ಇಟ್ಟು ಅಲುಗಾಡದಂತೆ ಹಗ್ಗ ಬಿಗಿದಿದ್ದೇವೆ.

ಮಡಿಲಿಗೆ ಎರಡು ದಿಂಬು. ಹಾಲೂಡಿಸಲೆಂದೇ ಅರ್ಧಚಂದ್ರದ ಆಕಾರದ ದಿಂಬುಗಳು ಅಂಗಡಿಯಲ್ಲಿ ಸಿಗುತ್ತವೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮನೆಯ ಹತ್ತಿ ದಿಂಬುಗಳೇ ಸಾಕು. ಮಗು ಎದೆಯ ಎತ್ತರಕ್ಕೆ ಬರಬೇಕು, ತಾಯಿ ಮಗುವಿನ ಮೇಲೆ ಬಾಗಬಾರದು. ಈ ಒಂದು ಮಾತಿಗಾಗಿಯೇ ವಿಡಿಯೋ ಮಾಡಿದ್ದೇನೆ ಎಂದರೂ ತಪ್ಪಿಲ್ಲ. ತಾಯಿ ಬಾಗಿದರೆ ಕತ್ತು, ಬೆನ್ನು ನೋಯುತ್ತವೆ. ಮಗುವಿನ ಬಾಯಿಗೆ ತೊಟ್ಟಿನ ತುದಿ ಮಾತ್ರ ಸಿಕ್ಕಿ ತೊಟ್ಟು ಬಿರಿಯುತ್ತದೆ. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಿ, ಕೆಳತುಟಿ ಹೊರಚಾಚಿ, ಗದ್ದ ಎದೆಗೆ ತಾಗಿದ್ದರೆ ಮಗು ಸರಿಯಾಗಿ ಹಿಡಿದಿದೆ ಎಂದರ್ಥ.

ಹೊಲಿಗೆಯ ಮೇಲೆ ಭಾರ ಬೀಳಬಾರದೆಂದು ತಂಗಿ ಮಗುವನ್ನು ಪಕ್ಕದಲ್ಲಿ ಹಿಡಿಯುತ್ತಾಳೆ. ಮಳೆಗಾಲದಲ್ಲಿ ನಾವು ಮಡಿಸಿದ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತೇವಲ್ಲ, ಹಾಗೆ. ಮಗುವಿನ ಕಾಲು ಅವಳ ಬೆನ್ನಿನ ಕಡೆಗೆ, ತಲೆ ಅವಳ ಅಂಗೈಯಲ್ಲಿ. ಇದಕ್ಕೆ ಕುರ್ಚಿಯ ಎರಡು ಕೈಗಳ ನಡುವೆ ಜಾಗ ಬೇಕು. ಕುರ್ಚಿ ಆರಿಸುವಾಗ ದಿಂಬು ಇಟ್ಟುಕೊಂಡೇ ಕುಳಿತು ನೋಡಿ.

ಈ ಪುಟ್ಟ ದಿಂಬನ್ನು ನೋಡಿ. ಅಜ್ಜಿ ರಾಗಿ ತುಂಬಿ ಹೊಲಿದದ್ದು, ಮಗುವಿನ ತಲೆ ದುಂಡಗಾಗಲೆಂದು. ಮಲಗಿದ ಹಸುಗೂಸಿನ ಹತ್ತಿರ ಯಾವ ದಿಂಬೂ ಇರಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮಗು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಮಲಗಬೇಕು. ಅಜ್ಜಿಯ ಕೈಕೆಲಸ ಪೆಟ್ಟಿಗೆ ಸೇರುವುದು ನನಗೆ ಇಷ್ಟವಿರಲಿಲ್ಲ. ಅದನ್ನು ತಂಗಿಯ ಮೊಣಕೈ ಕೆಳಗೆ ಇಟ್ಟೆವು. ರಾಗಿ ಸರಿದು ಕೈಯ ಆಕಾರಕ್ಕೆ ಕೂರುತ್ತದೆ, ಹತ್ತಿಯಂತೆ ಕುಸಿಯುವುದಿಲ್ಲ. ದುಡ್ಡು ಕೊಟ್ಟರೂ ಇಷ್ಟು ಒಳ್ಳೆಯ ಆಸರೆ ಸಿಗುತ್ತಿರಲಿಲ್ಲ. ಅಜ್ಜಿಗೂ ಸಂತೋಷವಾಗಿದೆ.

ಕುರ್ಚಿಯ ಬಲಗಡೆ, ಕೈ ಚಾಚಿದರೆ ಸಿಗುವಂತೆ ಸ್ಟೂಲು. ಫ್ಲಾಸ್ಕಿನಲ್ಲಿ ಜೀರಿಗೆ ನೀರು, ಡಬ್ಬಿಯಲ್ಲಿ ಅಂಟಿನುಂಡೆ, ಹಾಲು ಒರೆಸಲು ಹಳೆಯ ಪಂಚೆಯ ಮೆತ್ತನೆಯ ತುಂಡುಗಳು, ಮೊಬೈಲ್ ಚಾರ್ಜರ್. ಬಾಣಂತಿಗೆ ಹೆಚ್ಚು ನೀರು ಕೊಡಬಾರದು ಎಂಬ ಮಾತು ನಮ್ಮ ಮನೆಯಲ್ಲೂ ಬಂತು. ಮಗು ಕುಡಿಯಲು ಶುರು ಮಾಡಿದೊಡನೆ ತಾಯಿಗೆ ಗಂಟಲು ಒಣಗುತ್ತದೆ, ಅದು ಮೈ ಕೇಳುವ ನೀರು. ಅಮ್ಮನಿಗೆ ಇದನ್ನು ನಿಧಾನವಾಗಿ ವಿವರಿಸಿದೆ. ಈಗ ಫ್ಲಾಸ್ಕ್ ತುಂಬಿಸುವವರೇ ಅಮ್ಮ.

ಬೆಳಕಿನ ಮಾತು. ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ, ಆದ್ದರಿಂದ ರಾತ್ರಿಯ ಹಾಲೂಡಿಕೆಯನ್ನು ತಪ್ಪಿಸಬಾರದು. ಟ್ಯೂಬ್‌ಲೈಟ್ ಹಾಕಿದರೆ ಇಬ್ಬರ ನಿದ್ದೆಯೂ ಹಾರಿಹೋಗುತ್ತದೆ. ಗೋಡೆಯ ಗೂಡಿನಲ್ಲಿ ಹಳದಿ ಬೆಳಕಿನ ಸಣ್ಣ ಬಲ್ಬ್ ಹಾಕಿದ್ದೇವೆ. ಈ ಮಳೆಯಲ್ಲಿ ವಿದ್ಯುತ್ ಯಾವಾಗ ಹೋಗುತ್ತದೋ ತಿಳಿಯದು, ಪಕ್ಕದಲ್ಲೇ ಚಾರ್ಜ್ ಆಗುವ ದೀಪವೂ ಇದೆ. ತೀರಾ ದಣಿದ ರಾತ್ರಿ ತಂಗಿ ಮಂಚದ ಮೇಲೆ ಪಕ್ಕಕ್ಕೆ ತಿರುಗಿ ಮಲಗಿಯೇ ಹಾಲೂಡಿಸುತ್ತಾಳೆ, ಆಗ ನಾನೋ ಅಮ್ಮನೋ ಎಚ್ಚರವಿದ್ದು, ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆ. ಸೋಫಾದಲ್ಲಿ ಮಾತ್ರ ರಾತ್ರಿ ಕೂರಬೇಡಿ. ತಾಯಿಗೆ ತೂಕಡಿಕೆ ಬಂದರೆ ಸೋಫಾದ ಸಂದಿಯಲ್ಲಿ ಮಗುವಿಗೆ ಉಸಿರು ಕಟ್ಟುವ ಅಪಾಯ ಹಾಸಿಗೆಗಿಂತ ಬಹಳ ಹೆಚ್ಚು.

ಮಲೆನಾಡಿನವರಿಗೆ ಒಂದು ವಿಶೇಷ ಮನವಿ. ಥಂಡಿಯೆಂದು ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಇಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಸಾಂಬ್ರಾಣಿ ಹೊಗೆಯನ್ನೂ ಮಗುವಿನಿಂದ ದೂರವಿಟ್ಟಿದ್ದೇವೆ, ಆ ಪುಟ್ಟ ಶ್ವಾಸಕೋಶಕ್ಕೆ ಅದು ಭಾರ. ಬೆಚ್ಚಗಿರಲು ಕುಲಾವಿ, ಕಾಲುಚೀಲ, ತಾಯಿಯ ಮೈಯ ಕಾವು ಸಾಕು. ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಬಚ್ಚಲ ಒಲೆಯ ಮೇಲೆ ಹಾಕಿದರೆ ಹೊಗೆ ವಾಸನೆ. ಆದ್ದರಿಂದ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಕೊನೆಗೆ ಇಸ್ತ್ರಿ ಮಾಡುತ್ತೇವೆ. ದಿಂಬುಗಳಿಗೆ ಬೂಷ್ಟು ಹಿಡಿಯದಂತೆ ಬಿಸಿಲು ಇಣುಕಿದಾಗಲೆಲ್ಲ ಹೊರಗೆ ಹಾಕುತ್ತೇವೆ.

ಇನ್ನು ಬಾಗಿಲು. ಈ ಕೋಣೆಯಲ್ಲಿ ಕುರ್ಚಿಗಿಂತ ಹೆಚ್ಚು ಉಪಕಾರ ಮಾಡಿರುವುದು ಈ ಬಾಗಿಲಿಗೆ ಕಟ್ಟಿರುವ ಅಮ್ಮನ ಹಳೆಯ ಇಳಕಲ್ ಸೀರೆ. ಪರದೆ ಬಿದ್ದಿದ್ದರೆ ಯಾರೂ ಒಳಗೆ ಬರುವಂತಿಲ್ಲ, ಹೊರಗಿನಿಂದಲೇ ಕೂಗಿ ಕೇಳಬೇಕು. ಮಗು ನೋಡಲು ಬರುವವರು ಪ್ರೀತಿಯಿಂದಲೇ ಬರುತ್ತಾರೆ, ಸಂಶಯವಿಲ್ಲ. ಆದರೆ ಮಂಚದ ಸುತ್ತ ಕುಳಿತು “ಹಾಲು ಸಾಲುತ್ತಿಲ್ಲವೇನೋ, ಮಗು ಅಳುತ್ತಿದೆಯಲ್ಲ” ಎಂದರೆ ತಾಯಿಯ ಎದೆ ಒಡೆಯುತ್ತದೆ. ಎದೆಯಲ್ಲಿರುವ ಹಾಲು ಹೊರಗೆ ಹರಿಯಬೇಕಾದರೆ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಕೆಲಸ ಮಾಡಬೇಕು. ಆತಂಕ, ನೋವು, ನಾಚಿಕೆ ಅದನ್ನು ತಡೆಯುತ್ತವೆ. ನೀವು ಆಡಿದ ಮಾತು ಮಗುವಿನ ಊಟಕ್ಕೇ ಅಡ್ಡ ಬರುತ್ತದೆ. ಒಬ್ಬರು ಹಾಲಿನ ಪುಡಿಯ ಡಬ್ಬಿಯನ್ನೂ ಉಡುಗೊರೆಯಾಗಿ ತಂದರು. ಎದೆಹಾಲಿಗೆ ಅಡ್ಡಿಯಾಗಬಾರದೆಂದು ಇಂಥ ಪುಡಿಗಳ, ಬಾಟಲಿಗಳ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. ವೈದ್ಯರು ಬೇಕೆಂದರೆ ಕೊಡೋಣ, ಅದರಲ್ಲಿ ತಾಯಿ ಕುಗ್ಗಬೇಕಾದದ್ದೇನೂ ಇಲ್ಲ. ನೆಂಟರು ಹೇಳಿದರೆಂದು ಕೊಡುವುದಿಲ್ಲ. ಹಾಗೆಂದು ಪರದೆಯ ಹಿಂದೆ ತಂಗಿಯನ್ನು ಒಂಟಿಯಾಗಿ ಬಿಟ್ಟಿಲ್ಲ. ಅವಳು ಕರೆದಾಗ ಒಬ್ಬರು ಹೋಗಿ ಪಕ್ಕದಲ್ಲಿ ಕೂರುತ್ತೇವೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತೇವೆ.

ಗೂಡಿನಲ್ಲಿ ಕಾಣುತ್ತಿರುವುದು ಬೆಳ್ಳಿಯ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಪುಟ್ಟ ಪಾತ್ರೆ, ನಾವಿಬ್ಬರೂ ಕುಡಿದು ಬೆಳೆದದ್ದು. ತೊಟ್ಟು ತುಂಬ ನೊಂದ ದಿನ ತಂಗಿ ಹಾಲು ಹಿಂಡಿ ಕೊಟ್ಟಳು, ಕುದಿಸಿ ಆರಿಸಿದ ಒಳಲೆಯಲ್ಲಿ ಅಜ್ಜಿ ಕುಡಿಸಿದರು. ಹಿಂಡಿದ ಹಾಲು ಶುಚಿಯಾದ ಪಾತ್ರೆಯಲ್ಲಿ, ಸೆಖೆಯಿಲ್ಲದ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ, ಫ್ರಿಜ್‌ನಲ್ಲಿ ನಾಲ್ಕು ದಿನ.

ಕೊನೆಯದಾಗಿ ಈ ಮೊಳೆಗೆ ನೇತುಹಾಕಿರುವ ಪುಸ್ತಕ. ಎಷ್ಟು ಸಲ ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು ಎಂದು ಬರೆಯುತ್ತೇವೆ. ಐದನೆಯ ದಿನದಿಂದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು. ಅದಕ್ಕಿಂತ ಕಡಿಮೆಯಾದರೆ, ಮಗು ಕುಡಿಯಲು ಏಳದಷ್ಟು ಮಂಕಾದರೆ, ತಾಯಿಗೆ ಜ್ವರ ಬಂದು ಎದೆ ಕೆಂಪಗೆ ಗಡ್ಡೆ ಕಟ್ಟಿದರೆ ದಿಂಬು ಸರಿಸುತ್ತಾ ಕೂರಬೇಡಿ, ಕೂಡಲೇ ವೈದ್ಯರ ಬಳಿಗೆ ಹೋಗಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಬರುತ್ತಾರೆ. ಅವರನ್ನು ಜಗುಲಿಯಿಂದಲೇ ಕಳಿಸದೆ ಒಳಗೆ ಕರೆದು ಕೂರಿಸಿ, ಈ ಪುಸ್ತಕ ತೋರಿಸಿ, ಮಗು ಹಾಲು ಹಿಡಿಯುವುದನ್ನು ನೋಡಲು ಹೇಳಿ. ನಮ್ಮ ಮನೆಗೆ ನಾಳೆ ಬರುತ್ತಾರೆ. ತಂಗಿ ಕೇಳಬೇಕೆಂದಿರುವ ಪ್ರಶ್ನೆಗಳನ್ನು ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾಳೆ.