ಗಗನಚುಕ್ಕಿ ನೋಡಿದಿರಿ, ಪಕ್ಕದ ಪೈಪು ನೋಡಿದಿರಾ?

ನಮಸ್ಕಾರ. ಸದ್ದು ಕೇಳಿಸ್ತಾ ಇದೆಯಾ? ಇದೇ ಗಗನಚುಕ್ಕಿ. ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು, ಶಿವನಸಮುದ್ರ.

ಕಾವೇರಿ ಇಲ್ಲಿ ಎರಡು ಕವಲಾಗಿ ಒಂದು ದ್ವೀಪವನ್ನು ಬಳಸಿಕೊಂಡು ಹರಿಯುತ್ತಾಳೆ. ಈ ಕಡೆ ಗಗನಚುಕ್ಕಿ, ಆ ಕಡೆ ಭರಚುಕ್ಕಿ. ಮೇಲಿನ ಕೆಆರ್‌ಎಸ್, ಕಬಿನಿ ಜಲಾಶಯಗಳೆರಡೂ ತುಂಬಿ ನೀರು ಬಿಟ್ಟಿದ್ದಾರೆ, ಅದಕ್ಕೇ ಈ ರಭಸ. ಬೇಸಿಗೆಯಲ್ಲಿ ಬಂದರೆ ಬಂಡೆಯೇ ಜಾಸ್ತಿ ಕಾಣುತ್ತದೆ. ಮಳೆಗಾಲದಲ್ಲೇ ಬನ್ನಿ.

ಸ್ವಲ್ಪ ಜೂಮ್ ಮಾಡ್ತೀನಿ, ನೋಡಿ. ಅಂಚಿಗೆ ಬರುವವರೆಗೂ ನೀರು ಕೆಂಚಗಿದೆ, ಮಣ್ಣು ಕದಡಿದ ಬಣ್ಣ. ಅಂಚು ದಾಟಿದ್ದೇ ತಡ, ಬೆಳ್ಳಗೆ ಒಡೆದು ಕೆಳಗಿನ ಬಂಡೆಗೆ ಬಡಿದು ಮತ್ತೆ ಮೇಲೆ ಹಾರುತ್ತದೆ. ಗಾಳಿ ತಿರುಗಿದರೆ ಹನಿ ನಮ್ಮ ಮುಖಕ್ಕೇ.

ಬಂದವರು ಇಲ್ಲಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನಗೆ ಮಾತ್ರ ಜಲಪಾತದಷ್ಟೇ ಇಷ್ಟವಾದದ್ದು ಪಕ್ಕದ ಗುಡ್ಡದಲ್ಲಿ ಇಳಿಯುವ ಈ ದಪ್ಪ ಪೈಪುಗಳು. ನದಿಯ ನೀರು ಜಲಪಾತಕ್ಕಿಂತ ಮೇಲೆಯೇ ಕಾಲುವೆಗೆ ತಿರುಗುತ್ತದೆ. ಅಲ್ಲಿಂದ ಪೈಪಿನಲ್ಲಿ ಧುಮುಕಿ ಟರ್ಬೈನ್ ಎಂಬ ಚಕ್ರ ತಿರುಗಿಸುತ್ತದೆ. ಕೆಲಸ ಮುಗಿಸಿ ಮತ್ತೆ ನದಿಗೇ ಸೇರುತ್ತದೆ. ನೀರಿನ ಬಲದಿಂದ ಬೀಸುವ ಕಲ್ಲು ತಿರುಗಿಸುತ್ತಿದ್ದ ಹಳೆಯ ಉಪಾಯವೇ ಇದು. ಇಲ್ಲಿ ಹಿಟ್ಟಿನ ಬದಲು ಕರೆಂಟ್ ಬರುತ್ತದೆ, ಅಷ್ಟೇ.

ಈ ವಿದ್ಯುತ್ ಕೇಂದ್ರ ಶುರುವಾದದ್ದು 1902ರಲ್ಲಿ. ಲಾರಿ ಇಲ್ಲದ ಕಾಲ. ಹಡಗಿನಲ್ಲಿ ಬಂದ ಯಂತ್ರಗಳನ್ನು ಈ ಕಾಡುಗುಡ್ಡಕ್ಕೆ ಎಳೆದು ತಂದದ್ದು ಎತ್ತಿನಗಾಡಿಗಳು, ಆನೆಗಳು. ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಆಗ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದ್ದು ಇದೇ ನೀರಿನಿಂದ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಗಣಿಗೆ ಕರೆಂಟ್ ಸಾಲುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಕಟ್ಟಲು ಇದೂ ಒಂದು ಕಾರಣ. ಕಟ್ಟೆ ಅಂದ ತಕ್ಷಣ ನಮಗೆ ಗದ್ದೆ, ಕಬ್ಬು ನೆನಪಾಗುತ್ತದೆ, ಅಲ್ವಾ?

ಈ ಕೆಲಸಕ್ಕೆ ಬೆನ್ನೆಲುಬಾಗಿ ನಿಂತವರು ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್. ಅವರು ತೀರಿಕೊಂಡದ್ದು 1901ರಲ್ಲಿ. ಇಲ್ಲಿ ಚಕ್ರ ತಿರುಗಿದ್ದನ್ನು ನೋಡಲೇ ಇಲ್ಲ. ಇದನ್ನು ಓದಿದಾಗಿನಿಂದ ನನಗೆ ಈ ಜಾಗದ ಮೇಲೆ ಬೇರೆಯೇ ಅಕ್ಕರೆ.

ವಿದ್ಯುತ್ ಕೇಂದ್ರದ ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರುಗಳೇ, ದಯವಿಟ್ಟು ಆ ಅನುಮತಿಗೆ ಒಮ್ಮೆ ಕೇಳಿ ನೋಡಿ. ಪಾಠದಲ್ಲಿ ಓದಿದ್ದನ್ನು ಅವರು ಕಣ್ಣಾರೆ ನೋಡಲಿ. ಆಗದಿದ್ದರೆ ಈ ಪೈಪುಗಳ ಕಥೆಯನ್ನಾದರೂ ಹೇಳಿ.

ಇನ್ನೊಂದು ಮಾತು. ಸೆಲ್ಫಿಗೆ ಅಂತ ಬೇಲಿ ದಾಟಬೇಡಿ. ಪಾಚಿ ಹಿಡಿದ ಬಂಡೆ, ಕಾಲು ಜಾರಿದರೆ ಮುಗಿಯಿತು. ಪ್ರಾಣ ಕಳೆದುಕೊಂಡವರು ಇದ್ದಾರೆ.

ಸುಟ್ಟ ಮುಸುಕಿನ ಜೋಳ ತಿಂದಾಯಿತು, ಉಪ್ಪು ಖಾರ ನಿಂಬೆಹುಳಿ ಸವರಿದ್ದು. ಈಗ ಭರಚುಕ್ಕಿ ಕಡೆ. ದಾರಿಯಲ್ಲಿ ದ್ವೀಪದ ರಂಗನಾಥ ದೇವಸ್ಥಾನದಲ್ಲಿ ಮಧ್ಯರಂಗನ ದರ್ಶನವೂ ಆಗಬೇಕು, ಬನ್ನಿ ಹೊರಡೋಣ.