ಎನ್ನಲಾಗಿದೆ ಅಂದರೆ, ಅಂದವರು ಯಾರು ಸ್ವಾಮಿ?

ನಮಸ್ಕಾರ, ನಮಸ್ಕಾರ. ಇವತ್ತು ಪಕ್ಷಾಂತರ ನಿಷೇಧ ಕಾಯ್ದೆ ಬಗ್ಗೆ ಮಾತಾಡಬೇಕಿತ್ತು. ನಾಲ್ಕು ಪುಟ ಸ್ಕ್ರಿಪ್ಟ್ ಬರೆದಿದ್ದೆ, ಇಲ್ಲೇ ಇದೆ ನೋಡಿ. ಪಕ್ಕಕ್ಕೆ ಇಟ್ಟು ಬೇರೆ ಬರೆದೆ. ಯಾಕೆ ಅಂದರೆ ಬೆಳಿಗ್ಗೆ ಕಾಮೆಂಟ್ ಓದಿದೆ. ಓದಬಾರದಿತ್ತು. ನಮ್ಮ ಎಡಿಟರ್ ನೂರು ಸಲ ಹೇಳಿದ್ದಾನೆ, "ಶೂಟಿಂಗ್‌ಗೆ ಮುಂಚೆ ಕಾಮೆಂಟ್ ಓದಬೇಡ ಮಾರಾಯ" ಅಂತ. ಓದಿದೆ.

ಕಳೆದ ಎಪಿಸೋಡ್‌ನಲ್ಲಿ ನಾನು ಒಂದೇ ಒಂದು ಸಾಲು ಹೇಳಿದ್ದೆ. ರಾಜಕೀಯ ಸುದ್ದಿಯಲ್ಲಿ "ಎನ್ನಲಾಗಿದೆ" ಅನ್ನುವ ಪದವನ್ನು ಒಂದು ವರ್ಷ ನಿಷೇಧಿಸಬೇಕು ಅಂತ. ತಮಾಷೆಗೆ ಹೇಳಿದ್ದು. ಅದಕ್ಕೆ ಒಬ್ಬರು ಬರೆದಿದ್ದಾರೆ: "ನಿಮಗೆ ಪತ್ರಿಕೋದ್ಯಮದ ಅಆಇಈ ಗೊತ್ತಿಲ್ಲ. ಸುದ್ದಿಮೂಲ ಕಾಪಾಡುವುದು ಪತ್ರಕರ್ತನ ಧರ್ಮ. ಸುಮ್ನೆ ಕ್ಯಾಮೆರಾ ಮುಂದೆ ಕೂತು ಬೊಗಳೆ ಬಿಡಬೇಡಿ." 78 ಲೈಕ್! ನನ್ನ ಉತ್ತರಕ್ಕೆ ಮೂರು ಲೈಕ್, ಅದರಲ್ಲಿ ಒಂದು ನನ್ನದೇ.

ಸರಿ ಹಾಗಾದರೆ. ಈಗ ತಮಾಷೆ ಇಲ್ಲದೆ ಹೇಳುತ್ತೇನೆ. ನಿಷೇಧಿಸಬೇಕು.

ನಿನ್ನೆ ಸಂಪುಟ ಪುನಾರಚನೆ ಬಗ್ಗೆ ಒಂದು ಸುದ್ದಿ ಓದಿದೆ. ಯಾರದ್ದು ಅಂತ ಹೇಳುವುದಿಲ್ಲ, ಎಲ್ಲರ ಮನೆ ದೋಸೆನೂ ತೂತೇ. ಪೆನ್ನು ಹಿಡಿದುಕೊಂಡು ಕೂತೆ. ಒಟ್ಟು ಹನ್ನೊಂದು ವಾಕ್ಯ. ಮೊದಲನೆಯದು, "ತೆರೆಮರೆಯಲ್ಲಿ ಕಸರತ್ತು ನಡೆದಿದೆ ಎನ್ನಲಾಗಿದೆ." ಎರಡನೆಯದು, "ಚರ್ಚೆ ನಡೆದಿದೆ ಎಂದು ತಿಳಿದುಬಂದಿದೆ." ಮೂರನೆಯದು, "ವರಿಷ್ಠರು ಗರಂ ಆಗಿದ್ದಾರೆ ಎಂದು ಹೇಳಲಾಗುತ್ತಿದೆ." ನಾಲ್ಕನೆಯದು, "ರಾಜಕೀಯ ವಲಯದಲ್ಲಿ ಕೇಳಿಬರುತ್ತಿದೆ." ಹೀಗೆ ಒಂಬತ್ತು. ಉಳಿದದ್ದು ಎರಡು. ಒಂದು "ತೀವ್ರ ಕುತೂಹಲ ಕೆರಳಿಸಿದೆ", ಇನ್ನೊಂದು "ಕಾದು ನೋಡಬೇಕಿದೆ". ಮುಗೀತು. ಇಡೀ ಸುದ್ದಿಯಲ್ಲಿ ಹೆಸರು ಇರುವ ಒಬ್ಬ ಮನುಷ್ಯ ಬಾಯಿ ಬಿಟ್ಟಿಲ್ಲ. ಮತ್ತೆ ಅಂದವರು ಯಾರು ಸ್ವಾಮಿ?

ಶಾಲೆಯಲ್ಲಿ ಕರ್ಮಣಿ ಪ್ರಯೋಗ ಕಲಿಸುವಾಗ ಮೇಷ್ಟ್ರು "ರಾಮನಿಂದ ರಾವಣನು ಕೊಲ್ಲಲ್ಪಟ್ಟನು" ಅಂತ ಬರೆಸುತ್ತಿದ್ದರು, ನೆನಪಿದೆಯಾ? ಎಷ್ಟೇ ಕೃತಕವಾಗಿದ್ದರೂ ಅಲ್ಲಿ "ರಾಮನಿಂದ" ಅಂತ ಒಂದು ಪದ ಇರುತ್ತಿತ್ತು. ನಮ್ಮ ರಾಜಕೀಯ ವರದಿಗಾರರು ಮೊದಲು ತೆಗೆದು ಬಿಸಾಡುವುದೇ ಆ ರಾಮನನ್ನು. ಬಾಣ ಇದೆ, ರಾವಣ ಇದ್ದಾನೆ, ಹೆಣ ಬಿದ್ದಿದೆ. ಬಿಟ್ಟವರು ಯಾರು ಅಂತ ಮಾತ್ರ ಕೇಳಬಾರದು.

ಆಡುಮಾತಿನಲ್ಲಿ ಇದೇ ಕೆಲಸಕ್ಕೆ ನಮಗೆ ಒಂದು ಪುಟ್ಟ ಪದ ಇದೆ: ಅಂತೆ. "ಅವನು ರಾಜೀನಾಮೆ ಕೊಡ್ತಾನಂತೆ." ಎಷ್ಟು ಪ್ರಾಮಾಣಿಕ ಪದ ನೋಡಿ. ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದು, ನನ್ನನ್ನು ನಂಬಬೇಡಿ ಅಂತ ತಾನೇ ಒಪ್ಪಿಕೊಳ್ಳುತ್ತದೆ. ಎದುರಿಗೆ ಇರುವವರೂ ಬಿಡುವುದಿಲ್ಲ. "ಯಾರು ಹೇಳಿದ್ದು ನಿಂಗೆ?" ಅಂತ ತಕ್ಷಣ ಕೇಳುತ್ತಾರೆ. ಈ "ಅಂತೆ"ಗೆ ಕೋಟು ಹಾಕಿಸಿ, ಟೈ ಕಟ್ಟಿಸಿ, ಸ್ಟುಡಿಯೋ ದೀಪದ ಕೆಳಗೆ ಕೂರಿಸಿದರೆ ಅದರ ಹೆಸರು "ಎನ್ನಲಾಗಿದೆ". ಅಂತೆಕಂತೆ ಅಂದರೆ ನಗುತ್ತೇವೆ. ಎನ್ನಲಾಗಿದೆ ಅಂದರೆ ತಲೆದೂಗುತ್ತೇವೆ. ಪದ ಬದಲಾಯಿತು, ಸರಕು ಅದೇ.

ಅಂದ ಹಾಗೆ, ಇಲ್ಲಿವರೆಗೆ ನೋಡಿದ್ದೀರಿ ಅಂದರೆ ಸಬ್‌ಸ್ಕ್ರೈಬ್ ಮಾಡಿಬಿಡಿ. ನೋಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಬ್‌ಸ್ಕ್ರೈಬ್ ಮಾಡಿಲ್ಲ. ಇದು ಮೂಲಗಳು ಹೇಳಿದ್ದಲ್ಲ, ನನ್ನ ಡ್ಯಾಶ್‌ಬೋರ್ಡ್ ಹೇಳಿದ್ದು. ಬೇಕಾದರೆ ಸ್ಕ್ರೀನ್‌ಶಾಟ್ ಕೊಡುತ್ತೇನೆ. ನೋಡಿದ್ರಾ, ಮೂಲ ಹೇಳುವುದು ಎಷ್ಟು ಸುಲಭ.

ಈಗ ಆ 78 ಲೈಕಿನ ವಾದಕ್ಕೆ ಬರೋಣ. ಮೂಲ ಕಾಪಾಡುವುದು ಧರ್ಮ. ಒಪ್ಪಿದೆ. ಇದನ್ನು ನಾನು ಯಾವತ್ತಾದರೂ ಬೇಡ ಅಂದಿದ್ದೇನಾ? ಪತ್ರಿಕೆಗಳ ಮೇಲೆ ಕಣ್ಣಿಡುವ ಪ್ರೆಸ್ ಕೌನ್ಸಿಲ್ ಇದೆಯಲ್ಲ, ಅದರ 1978ರ ಕಾಯ್ದೆಯ 15ನೇ ಸೆಕ್ಷನ್ನಿನಲ್ಲೇ ಬರೆದಿದ್ದಾರೆ, ನಿನ್ನ ಮೂಲ ಯಾರು ಹೇಳು ಅಂತ ಕೌನ್ಸಿಲ್ ಪತ್ರಕರ್ತರನ್ನು ಬಲವಂತ ಮಾಡುವಂತಿಲ್ಲ ಅಂತ. ಒಳ್ಳೆಯ ಕಾನೂನು. ಫೈಲ್ ಒಂದರಲ್ಲಿ ಕೋಟಿಗಟ್ಟಲೆ ಹಣ ಗುಳುಂ ಆಗಿರುವುದನ್ನು ಕಂಡ ಗುಮಾಸ್ತ ಹೆದರಿಕೊಂಡು ಬಂದು ಕಾಗದ ಕೊಟ್ಟರೆ, ಅವನ ಹೆಸರು ಸಾಯುವ ತನಕ ಹೊರಗೆ ಬರಬಾರದು. ಅವನಿಗೆ ಹೋಗುವುದು ಕೆಲಸ, ಕೆಲವು ಸಲ ಜೀವ.

ಆದರೆ ಮಂತ್ರಿ ಆಗಬೇಕು ಅಂತ ಓಡಾಡುತ್ತಿರುವ ಶಾಸಕನ ಆಪ್ತ ಫೋನ್ ಮಾಡಿ, "ನಮ್ಮ ಸಾಹೇಬ್ರ ಹೆಸರು ರೇಸಲ್ಲಿದೆ, ಹಾಕ್ಬಿಡಿ ಸಾರ್" ಅಂದರೆ, ಅವನಿಗೆ ಏನು ಅಪಾಯ? ಅವನು ಯಾವ ಸೀಮೆ ಸುದ್ದಿಮೂಲ? ಅದು ಜಾಹೀರಾತು ಕಣ್ರೀ. ದುಡ್ಡು ಕೊಡದ ಜಾಹೀರಾತು. ಅದಕ್ಕೆ ನೀವು "ಬಲ್ಲ ಮೂಲಗಳು" ಅಂತ ನಾಮಕರಣ ಮಾಡುತ್ತೀರಿ. ಮತ್ತೆ ಈ ಮೂಲಗಳಲ್ಲೂ ದರ್ಜೆ ಇದೆ: ಬಲ್ಲ ಮೂಲ, ನಂಬಲರ್ಹ ಮೂಲ, ಉನ್ನತ ಮೂಲ, ಆಪ್ತ ಮೂಲ, ಹೈಕಮಾಂಡ್ ಮೂಲ. ಉನ್ನತ ಅಂದರೆ ಎಷ್ಟನೇ ಮಹಡಿ?

"ಬೋಫೋರ್ಸ್ ಹೊರಗೆ ಬಂದಿದ್ದು ಅನಾಮಧೇಯ ಮೂಲದಿಂದಲೇ ಅಲ್ವಾ?" ಅಂತ ಇನ್ನೊಬ್ಬರು ಕೇಳಿದ್ದಾರೆ. ಭಲೇ, ಒಳ್ಳೆಯ ಪ್ರಶ್ನೆ. ಹೌದು. 1987ರ ಏಪ್ರಿಲ್‌ನಲ್ಲಿ ಭಾರತಕ್ಕೆ ಫಿರಂಗಿ ಮಾರಲು ಬೋಫೋರ್ಸ್ ಕಂಪನಿ ಲಂಚ ಕೊಟ್ಟಿದೆ ಅಂತ ಸ್ವೀಡನ್ ರೇಡಿಯೋ ಸುದ್ದಿ ಒಡೆಯಿತು. ಆಮೇಲೆ ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ಬೆನ್ನು ಹತ್ತಿದರು, ಹಿಂದೂ ಪತ್ರಿಕೆ ಮುದ್ರಿಸಿತು. ಮೂಲ ಯಾರು ಅಂತ ಜಗತ್ತಿಗೆ ಗೊತ್ತಾಗಿದ್ದು 2012ರಲ್ಲಿ, ತನಿಖೆ ನಡೆಸಿದ್ದ ಸ್ವೀಡನ್ನಿನ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ತಾನೇ ಬಾಯಿ ಬಿಟ್ಟಾಗ. ಆದರೆ ಸ್ವಾಮಿ, ಆ ಸುದ್ದಿಯ ಜೊತೆ ದಾಖಲೆ ಇತ್ತು. ಕಾಗದ ಇತ್ತು! ಮನುಷ್ಯ ಮರೆಯಲ್ಲಿದ್ದ, ಪುರಾವೆ ಮುಂದೆ ಇತ್ತು. ನಿಮ್ಮ ಸಂಪುಟ ಪುನಾರಚನೆ ಸುದ್ದಿಯಲ್ಲಿ ಮನುಷ್ಯನೂ ಇಲ್ಲ, ಕಾಗದವೂ ಇಲ್ಲ, ಬರೀ ಕುತೂಹಲ ಇದೆ. ಅದೂ ನೀವೇ ಕೆರಳಿಸಿದ್ದು. ಇದನ್ನು ತಂದು ಬೋಫೋರ್ಸ್ ಪಕ್ಕ ಕೂರಿಸುತ್ತೀರಲ್ಲ, ನಾಚಿಕೆ ಬೇಡವಾ? ವಾಟರ್‌ಗೇಟ್ ಅಂತಲೂ ಯಾರೋ ಬರೆದಿದ್ದಾರೆ, ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದುಕೊಂಡ ಹಗರಣ. ಅದಕ್ಕೂ ಇದೇ ಉತ್ತರ, ಇನ್ನೊಮ್ಮೆ ಹೇಳುವ ತಾಳ್ಮೆ ಇಲ್ಲ.

ಈ ಮೂಲಗಳ ಯೋಗ್ಯತೆ ಎಷ್ಟು ಅಂತ ನೋಡಬೇಕಾ? 2023ರ ಡಿಸೆಂಬರ್, ರಾಜಸ್ಥಾನ. ಫಲಿತಾಂಶ ಬಂದು ಒಂದು ವಾರ ಕಳೆದರೂ ಮುಖ್ಯಮಂತ್ರಿ ಯಾರು ಅಂತ ತೀರ್ಮಾನ ಇಲ್ಲ. ಒಂದೊಂದು ಚಾನೆಲ್ಲಿಗೆ ಒಂದೊಂದು ಪಟ್ಟಿ, ಪಟ್ಟಿಯಲ್ಲಿ ದೊಡ್ಡ ದೊಡ್ಡ ಫೋಟೋ, ಎಲ್ಲರದ್ದೂ ಹೈಕಮಾಂಡ್ ಮೂಲವೇ. 12ನೇ ತಾರೀಕು ಚೀಟಿ ಬಿಚ್ಚಿದರು. ಭಜನ್ ಲಾಲ್ ಶರ್ಮಾ. ಮೊದಲ ಸಲ ಗೆದ್ದ ಶಾಸಕ. ಆವತ್ತೇ ತೆಗೆದ ಗ್ರೂಪ್ ಫೋಟೋದಲ್ಲಿ ಆ ಮನುಷ್ಯ ಕೊನೇ ಸಾಲಿನಲ್ಲಿ ನಿಂತಿದ್ದಾರೆ! ವಾರ ಪೂರ್ತಿ ಹಗಲು ರಾತ್ರಿ ಮಾತಾಡಿದ ಮೂಲಗಳು ಆವತ್ತು ಎಲ್ಲಿ ಹೋಗಿದ್ದವು? ನಮ್ಮ ಮೂಲಗಳು ತಪ್ಪು ಹೇಳಿದವು, ಕ್ಷಮಿಸಿ ಅಂತ ಒಂದು ಸಾಲಾದರೂ ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಮರುಕ್ಷಣದಿಂದಲೇ "ಅಚ್ಚರಿಯ ಆಯ್ಕೆ" ಅಂತ ಶುರು. ಯಾರಿಗೆ ಅಚ್ಚರಿ? ನಿಮಗೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. ವಿಧಾನಸಭೆಯಲ್ಲಿ 224 ಸದಸ್ಯರು. 2003ರ 91ನೇ ತಿದ್ದುಪಡಿ ಪ್ರಕಾರ ಮಂತ್ರಿಗಳ ಸಂಖ್ಯೆ ಶೇ. 15 ದಾಟುವಂತಿಲ್ಲ. ಅಂದರೆ ಮುಖ್ಯಮಂತ್ರಿ ಸೇರಿ 34. ಆದರೆ ಪ್ರತಿ ಸಲ ಬರುವ ಸಂಭಾವ್ಯ ಸಚಿವರ ಪಟ್ಟಿಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಎರಡು ಸಂಪುಟ ಮಾಡಿ ಮೇಲೆ ನಾಲ್ಕು ನಿಗಮ ಮಂಡಳಿಗೆ ಜನ ಉಳಿಯುತ್ತಾರೆ. ಎಲ್ಲರನ್ನೂ ಪಟ್ಟಿಗೆ ಸೇರಿಸಿದರೆ ಒಂದಾದರೂ ನಿಜ ಆಗಲೇಬೇಕಲ್ಲ! ಆಗ "ನಾವೇ ಮೊದಲು ಹೇಳಿದ್ದು".

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹಳೇ ಗಾದೆ. ಈಗ ಅದನ್ನು ಸ್ವಲ್ಪ ತಿದ್ದಿದ್ದಾರೆ: "ಎತ್ತು ಈದಿದೆ ಎನ್ನಲಾಗಿದೆ. ಕರುವನ್ನು ಕೊಟ್ಟಿಗೆಗೆ ಕಟ್ಟುವ ಸಾಧ್ಯತೆ. ಎತ್ತಿನ ಆಪ್ತ ಮೂಲಗಳಿಂದ ಮಾಹಿತಿ." ಕೆಳಗೆ ಕೆಂಪು ಪಟ್ಟಿ, "ಕರು ಫಿಕ್ಸ್?" ಫಿಕ್ಸ್ ಅಂದಮೇಲೆ ಪ್ರಶ್ನಾರ್ಥಕ ಚಿಹ್ನೆ ಯಾಕೆ ಸ್ವಾಮಿ? ಪ್ರಶ್ನೆ ಇದ್ದಮೇಲೆ ಫಿಕ್ಸ್ ಹೇಗೆ? ಅಡ್ಡಗೋಡೆ ಮೇಲೆ ದೀಪ ಇಡುವುದಕ್ಕೂ ಒಂದು ಮಿತಿ ಬೇಡವಾ.

ನಗಬೇಡಿ. 2016ರ ನವೆಂಬರ್‌ನಲ್ಲಿ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಅಂತ ಟಿವಿಯಲ್ಲಿ ಗ್ರಾಫಿಕ್ಸ್ ಹಾಕಿ ತೋರಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಭೂಮಿಯೊಳಗೆ ಹೂತಿಟ್ಟರೂ ಸ್ಯಾಟಲೈಟ್ ಹಿಡಿಯುತ್ತದೆ ಅಂತ. ರಿಸರ್ವ್ ಬ್ಯಾಂಕ್ ಅಂಥದ್ದೇನೂ ಹೇಳಿರಲಿಲ್ಲ. ಮತ್ತೆ ಯಾರು ಹೇಳಿದ್ದು? ಯಾರೂ ಇಲ್ಲ. ಹೇಳಲಾಗಿತ್ತು, ಅಷ್ಟೆ. 2023ರ ಮೇನಲ್ಲಿ ಆ ನೋಟನ್ನೇ ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಅಂತ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ನೋಟು ಹೋಯಿತು, ಚಿಪ್ಪು ನಮ್ಮ ಕೈಗೆ ಬಂತು.

ಈ ಜೋಕ್ ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಈಗ ಹೊಳೆದಿದ್ದು. ಇಟ್ಟುಕೊಳ್ಳಪ್ಪ ಎಡಿಟರ್, ಕಟ್ ಮಾಡಬೇಡ.

"ಎನ್ನಲಾಗಿದೆ ಅಂತ ಹಾಕದಿದ್ದರೆ ಮಾನನಷ್ಟ ಕೇಸ್ ಬೀಳುತ್ತೆ ಸಾರ್." ಇದು ಒಬ್ಬ ವರದಿಗಾರ ಗೆಳೆಯನೇ ನನಗೆ ಹೇಳಿದ್ದು. ನೋಡಪ್ಪ, ಬೇರೆಯವರ ಗಾಳಿಮಾತನ್ನು ನೀನು ಮತ್ತೆ ಅಚ್ಚು ಹಾಕಿದರೆ ಅದು ನಿನ್ನ ಮಾತೇ. ಕ್ರಿಯಾಪದ ಹಿಂದೆ ಬಚ್ಚಿಟ್ಟುಕೊಂಡರೆ ನ್ಯಾಯಾಧೀಶರಿಗೆ ಕಾಣುವುದಿಲ್ಲ ಅಂದುಕೊಂಡೆಯಾ? ಪೊಲೀಸರು ಹೇಳಿದ್ದರೆ ಪೊಲೀಸರು ಹೇಳಿದ್ದಾರೆ ಅಂತ ಬರಿ. ದೂರಿನಲ್ಲಿ ಇದ್ದರೆ ದೂರಿನಲ್ಲಿದೆ ಅಂತ ಬರಿ. ಹೆಸರು ಹಾಕಲು ಆಗದಿದ್ದರೆ ಯಾಕೆ ಆಗುವುದಿಲ್ಲ ಅಂತ ಬರಿ. ಎಷ್ಟು ಜನ ಹೇಳಿದರು, ಯಾವ ಬಣದವರು, ಎದುರು ಬಣವನ್ನು ಕೇಳಿದೆಯಾ, ಕಾಗದ ನೋಡಿದೆಯಾ. ಜಾಗ ಇಲ್ಲವಂತೆ! "ತೀವ್ರ ಕುತೂಹಲ ಕೆರಳಿಸಿದೆ" ಅನ್ನುವುದಕ್ಕೆ ಜಾಗ ಇದೆ, ಇದಕ್ಕೆ ಇಲ್ಲ.

ಏನೂ ಗೊತ್ತಿಲ್ಲದ ದಿನ ಏನು ಮಾಡಬೇಕು? ಗೊತ್ತಿಲ್ಲ ಅನ್ನಬೇಕು. 1930ರ ಏಪ್ರಿಲ್ 18ರಂದು ಬಿಬಿಸಿ ರೇಡಿಯೋದಲ್ಲಿ ಸುದ್ದಿ ಓದುವವರು ಬಂದು, ಇವತ್ತು ಸುದ್ದಿ ಏನೂ ಇಲ್ಲ ಅಂದರು. ಉಳಿದ ಸಮಯಕ್ಕೆ ಪಿಯಾನೋ ಹಾಕಿದರು. ಆಹಾ. ನಮ್ಮಲ್ಲಿ ಯಾರಾದರೂ ಒಂದು ದಿನ, "ಇವತ್ತು ಯಾವ ಶಾಸಕನೂ ಏನೂ ಹೇಳಲಿಲ್ಲ, ಕೊಳಲು ಕೇಳಿ" ಅಂದರೆ ನಾನು ಆ ಚಾನೆಲ್ಲಿಗೆ ಮನೆಯವರನ್ನೆಲ್ಲ ಸಬ್‌ಸ್ಕ್ರೈಬ್ ಮಾಡಿಸುತ್ತೇನೆ. ನೀವು ಮೊದಲು ನನ್ನದಕ್ಕೆ ಮಾಡಿ. ಬೆಲ್ ಒತ್ತಿ.

ಇನ್ನೊಂದು ಕಾಮೆಂಟ್ ಇದೆ, ಓದಲೋ ಬೇಡವೋ. ಓದುತ್ತೇನೆ. "ಸಾರ್, ನೀವೇ ಮಾರ್ಚ್ ಎಪಿಸೋಡ್‌ನಲ್ಲಿ ಹದಿನಾಲ್ಕನೇ ನಿಮಿಷಕ್ಕೆ 'ನನಗೆ ಬಂದ ಮಾಹಿತಿ ಪ್ರಕಾರ' ಅಂದಿದ್ದೀರಿ." ಅದು ಬೇರೆ. ಅದು ಸಂದರ್ಭವೇ ಬೇರೆ. ಮತ್ತೆ ನನಗೆ ನಿಜವಾಗಿಯೂ ಮಾಹಿತಿ ಬಂದಿತ್ತು. ಯಾರಿಂದ ಅಂತ ಹೇಳಲು... ಬಿಡಿ, ಆ ವಿಷಯ ಈಗ ಬೇಡ. ಆ ಭಾಗ ತೆಗೆದು ಹಾಕಿಸುತ್ತೇನೆ. ನೋಡಿ, ನಾನು ತೆಗೆಯುತ್ತೇನೆ, ಅವರು ತೆಗೆಯುತ್ತಾರಾ?

ನಾನು ಹೇಳುವುದು ಒಂದೇ. ಯಾರು ಅಂದರು? ನಾಳೆ ಬೆಳಿಗ್ಗೆ ಪೇಪರ್ ಓದುವಾಗ ಪ್ರತಿ "ಎನ್ನಲಾಗಿದೆ" ಮುಂದೆ ಜೋರಾಗಿ ಕೇಳಿ, ಯಾರು? ಮನೆಯವರು ಏನಾಯ್ತು ಅಂತ ಓಡಿ ಬಂದರೂ ಪರವಾಗಿಲ್ಲ. ಯಾರು? ಯಾರು ಅಂದರು? ನನ್ನ ಸ್ಕ್ರಿಪ್ಟ್ ಎರಡು ಪುಟ ಹಿಂದೆಯೇ ಮುಗಿದಿದೆ, ಆದರೂ ಕೇಳುತ್ತಿದ್ದೇನೆ.

ಪಕ್ಷಾಂತರ ನಿಷೇಧದ ಎಪಿಸೋಡ್ ಮುಂದಿನ ವಾರ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಪೇಪರಿನ ಒಂದು ರಾಜಕೀಯ ಸುದ್ದಿಯಲ್ಲಿ ಎಷ್ಟು "ಎನ್ನಲಾಗಿದೆ" ಇದೆ ಅಂತ ಎಣಿಸಿ ಕಾಮೆಂಟ್ ಹಾಕಿ. ನನ್ನ ದಾಖಲೆ ಒಂಬತ್ತು. ಜಾಸ್ತಿ ಸಿಕ್ಕವರ ಕಾಮೆಂಟ್ ಪಿನ್ ಮಾಡುತ್ತೇನೆ. ಆದರೆ ಸುದ್ದಿಯ ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಕಳಿಸಬೇಕು. ಫೋಟೋ ಇಲ್ಲದೆ ಬರೀ ಹದಿನಾರು, ಇಪ್ಪತ್ತು ಅಂತ ಬರೆದರೆ ಲೆಕ್ಕಕ್ಕೆ ತಗೊಳ್ಳುವುದಿಲ್ಲ.